ಚೊಗರಿನ ಬಣ್ಣ

ಸೀರೆಗೆ ಒಪ್ಪುವ ರವಕೆಯ ಬಟ್ಟೆಗಾಗಿ ಒಂದು ಅಂಗಡಿಯಿಂದ ಇನ್ನೊಂದು ಅಂಗಡಿಗೆ ಅಲೆಯುವವರನ್ನು ಪುತ್ತೂರಿನ ಪೇಟೆಯಲ್ಲಿ ಯಾವ ದಿನ ಬೇಕಾದರೂ ಕಾಣಬಹುದು. ಅಂಗಡಿಯವರು ಬೇಸರಿಸದೆ ಒಂದರ ಮೇಲೊಂದು ಇಪ್ಪತ್ತು ತುಂಡುಗಳನ್ನು ಹರವುತ್ತಾರೆ. ಸೆರಗಿನ ತುದಿಯನ್ನು ಹೊರಗಿನ ಬೆಳಕಿಗೆ ಹಿಡಿದು ನೋಡಿದರೆ ಇಪ್ಪತ್ತರಲ್ಲಿ ಒಂದೂ ಒಪ್ಪುವುದಿಲ್ಲ. ಒಂದು ಗಿಳಿಹಸಿರು, ಇನ್ನೊಂದು ಎಲೆಹಸಿರು. ಬೇಕಾದದ್ದು ಅವೆರಡರ ನಡುವೆ ಎಲ್ಲಿಯೋ ಇದೆ. ನಮ್ಮ ಮಾತಿನಲ್ಲಿ ಬಣ್ಣಗಳ ಹೆಸರುಗಳು ಬಂದದ್ದೇ ತೋಟದಿಂದ ಮತ್ತು ಅಡಿಗೆಮನೆಯಿಂದ: ಮಾವಿನ ಚಿಗುರು, ಬದನೆ, ಈರುಳ್ಳಿ ಸಿಪ್ಪೆ, ಇಟ್ಟಿಗೆ, ಕಾಫಿಪುಡಿ. ಹೆಸರಿನಲ್ಲಿ ಮನೆಯದಾಗಿರುವ ಈ ಬಣ್ಣವನ್ನು ಬಟ್ಟೆಯ ಮೇಲೆ ಮನೆಯಲ್ಲಿಯೇ ತಂದುಕೊಳ್ಳಲು ಸಾಧ್ಯವೆ ಎಂಬುದು ಇಂದಿನ ನನ್ನ ಮಾತಿನ ವಿಷಯ. ನಾನು ಕನ್ನಡ ಪಾಠ ಹೇಳಿದವನು, ರಸಾಯನಶಾಸ್ತ್ರ ಓದಿದವನಲ್ಲ. ಆದರೆ ಬಣ್ಣಿಸು ಎಂಬ ಮಾತೇ ವರ್ಣದಿಂದ ಬಂದಿರುವಾಗ ಬಣ್ಣದ ವಿಚಾರದಲ್ಲಿ ಭಾಷೆಯವನಿಗೂ ಒಂದು ಪಾಲು ಉಂಟೆಂದು ತಿಳಿದಿದ್ದೇನೆ.

ಮನೆಯಲ್ಲಿ ಬಟ್ಟೆಗೆ ಬಣ್ಣ ಹಾಕುವುದು ಹೊಸ ಹವ್ಯಾಸವೇನೂ ಅಲ್ಲ. ನಾನು ಬಾಲಕನಾಗಿದ್ದ 1960ರ ದಶಕದ ಕೊನೆಯಲ್ಲಿ ಬಣ್ಣದ ಪುಡಿ ಚಿಕ್ಕ ಪೊಟ್ಟಣಗಳಲ್ಲಿ ದಿನಸಿ ಅಂಗಡಿಯಲ್ಲಿಯೇ ಸಿಗುತ್ತಿತ್ತು. ಮಾಸಿದ ನೂಲಿನ ಸೀರೆಯನ್ನು ಎಸೆಯುವುದು ಆಗಿನ ಗೃಹಿಣಿಯರ ಸ್ವಭಾವವಾಗಿರಲಿಲ್ಲ. ನನ್ನ ಅಮ್ಮ ಬಚ್ಚಲ ಒಲೆಯ ಮೇಲೆ ನೀರು ಕುದಿಸಿ, ಪುಡಿಯನ್ನು ಕದಡಿ, ಒಂದು ಹಿಡಿ ಉಪ್ಪು ಹಾಕಿ, ನೆನೆಸಿ ಹಿಂಡಿದ ಸೀರೆಯನ್ನು ಅದರೊಳಗೆ ಇಳಿಸಿ ಕೋಲಿನಿಂದ ಮಗುಚುತ್ತಿದ್ದರು. ಉಪ್ಪು ಯಾಕೆ ಎಂದು ಕೇಳಿದರೆ ‘ಬಣ್ಣ ಹಿಡಿಯಲಿಕ್ಕೆ’ ಎಂಬುದೊಂದೇ ಉತ್ತರ. ಆ ಉತ್ತರ ಸರಿಯೇ ಆಗಿತ್ತು. ನೀರಿನಲ್ಲಿ ನೆನೆದ ಹತ್ತಿಯ ಎಳೆಗೂ ಆ ಜಾತಿಯ ಬಣ್ಣದ ಕಣಕ್ಕೂ ಇರುವುದು ಒಂದೇ ಬಗೆಯ ವಿದ್ಯುದಂಶ; ಆದ್ದರಿಂದ ಅವು ಒಂದನ್ನೊಂದು ದೂಡುತ್ತವೆ. ಉಪ್ಪು ನಡುವೆ ನಿಂತು ಆ ವಿರೋಧವನ್ನು ತಗ್ಗಿಸುತ್ತದೆ, ಬಣ್ಣ ನೀರನ್ನು ಬಿಟ್ಟು ನೂಲಿನ ಕಡೆಗೆ ಸರಿಯುತ್ತದೆ. ಬೇರೆ ಯಾವ ಸಂಸ್ಕಾರವೂ ಬೇಡದೆ ಹತ್ತಿಗೆ ನೇರವಾಗಿ ಹತ್ತುವ ಇಂತಹ ಬಣ್ಣಗಳಲ್ಲಿ ಮೊದಲನೆಯದು ಜರ್ಮನಿಯಲ್ಲಿ 1884ರಲ್ಲಿ ಹುಟ್ಟಿದ ಕಾಂಗೋ ಕೆಂಪು. ಹತ್ತುವುದು ಸುಲಭವಾದಂತೆ ಬಿಡುವುದೂ ಸುಲಭ. ಸೀರೆಯ ಬಣ್ಣ ಮೊದಲ ಒಗೆತದಲ್ಲಿ ಪಕ್ಕದ ಬಿಳಿ ಪಂಚೆಗೂ ಪಾಲು ಕೊಡುತ್ತಿತ್ತು.

ಹೀಗೆ ‘ಬಣ್ಣ ಬಿಡುವ’ ಬಟ್ಟೆ ಮತ್ತು ‘ಬಣ್ಣ ಕಚ್ಚಿದ’ ಬಟ್ಟೆ ಎಂದು ನಾವು ಎರಡು ಮಾತುಗಳನ್ನು ಬಳಸುತ್ತೇವೆ. ಕಚ್ಚುವುದು ಎಂಬ ಈ ಕ್ರಿಯಾಪದ ನನಗೆ ಬಹಳ ಪ್ರಿಯವಾದದ್ದು. ಬಣ್ಣವನ್ನು ನೂಲಿಗೆ ಬಿಗಿಯುವ ಪಟಿಕದಂತಹ ಲವಣಗಳಿಗೆ ಯುರೋಪಿನ ಬಣ್ಣಗಾರರು ಇಟ್ಟ ಹೆಸರು ಮಾರ್ಡಂಟ್. ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ ಕಚ್ಚುವಂಥದು ಎಂದೇ. ಒಬ್ಬರನ್ನೊಬ್ಬರು ಕೇಳದೆ ಎರಡು ದೇಶದ ಜನ ಒಂದೇ ರೂಪಕವನ್ನು ಕಂಡುಕೊಂಡಿದ್ದಾರೆ. ಈ ಲವಣದಲ್ಲಿರುವ ಲೋಹದ ಅಂಶ ಒಂದು ಕೈಯಲ್ಲಿ ನೂಲನ್ನೂ ಇನ್ನೊಂದು ಕೈಯಲ್ಲಿ ಬಣ್ಣವನ್ನೂ ಹಿಡಿದುಕೊಳ್ಳುತ್ತದೆ.

ಕಣ್ಣಿಗೆ ಕಂಡ ರಂಗೆಲ್ಲ ಹೀಗೆ ಕಚ್ಚಿಕೊಳ್ಳುವುದಿಲ್ಲ. ಪುನರ್ಪುಳಿಯ ಶರಬತ್ತಿನ ಕೆಂಪಿಗೆ ಸಮನಾದ ಕೆಂಪು ಲೋಕದಲ್ಲಿ ಎಲ್ಲಿದೆ? ಆದರೆ ಬಟ್ಟೆಯ ಮೇಲೆ ಅದರ ಆಯುಷ್ಯ ಅತ್ಯಲ್ಪ. ಅರಿಶಿನ ಅದಕ್ಕಿಂತ ವಾಸಿ, ಆದರೂ ಬಿಸಿಲಿಗೆ ನಿಲ್ಲದು. ಅರಿಶಿನದ ನೀರಿಗೆ ಸುಣ್ಣ ಬೆರೆಸಿದೊಡನೆ ಕೆಂಪಾಗುವುದನ್ನು ಆರತಿಯ ತಟ್ಟೆಯಲ್ಲಿ ನೋಡದವರಿಲ್ಲ. ಬಣ್ಣ ತಾನಿರುವ ನೀರಿನ ಗುಣಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬ ಪಾಠವನ್ನು ನಮ್ಮ ಹೆಂಗಸರು ಕಲಿತದ್ದು ಪ್ರಯೋಗಶಾಲೆಯಲ್ಲಿ ಅಲ್ಲ.

ಹಾಗಾದರೆ ಪುತ್ತೂರು, ಸುಳ್ಯ, ಕಡಬದ ಮನೆಗಳಲ್ಲಿ ಕಚ್ಚುವ ಬಣ್ಣ ಯಾವುದು? ಅದು ಅಂಗಳದಲ್ಲಿಯೇ ಬಿದ್ದಿದೆ. ನಾವು ಅದನ್ನು ಬಣ್ಣ ಎಂದು ಕರೆಯದೆ ಕಲೆ ಎಂದು ಕರೆದು, ತಿಕ್ಕಿ ತಿಕ್ಕಿ ತೆಗೆಯಲು ನೋಡುತ್ತಿದ್ದೇವೆ. ಹಸಿ ಅಡಿಕೆ ಸುಲಿದವರ ಬೆರಳುಗಳು ವಾರಗಟ್ಟಲೆ ಕಪ್ಪಾಗಿರುತ್ತವೆ. ಅಡಿಕೆಯ ಒಗರು ಮೆಟ್ಟುಕತ್ತಿಯ ಕಬ್ಬಿಣವನ್ನು ಕೂಡಿದಾಗ ಹುಟ್ಟುವ ಕಪ್ಪು ಅದು. ಯುರೋಪಿನಲ್ಲಿ ಶತಮಾನಗಳ ಕಾಲ ಶಾಯಿಯನ್ನು ಮಾಡುತ್ತಿದ್ದದ್ದೂ ಇದೇ ಜೋಡಿಯಿಂದ; ಅಲ್ಲಿ ಒಗರು ಬಂದದ್ದು ಓಕ್ ಮರದ ಗಂಟುಗಳಿಂದ, ಅಷ್ಟೇ ವ್ಯತ್ಯಾಸ. ತಾಂಬೂಲ ಮೆಲ್ಲುವವರ ಬಾಯಿಯೂ ಒಂದು ಬಣ್ಣದ ಹಂಡೆಯೇ. ಬರಿಯ ಅಡಿಕೆ ಕೆಂಪಲ್ಲ, ವೀಳ್ಯದೆಲೆ ಕೆಂಪಲ್ಲ, ಸುಣ್ಣವಂತೂ ಅಚ್ಚ ಬಿಳಿ. ಸುಣ್ಣದ ಕ್ಷಾರ ತಾಗಿ ಅಡಿಕೆಯ ಒಗರಿನ ಅಂಶ ಗಾಳಿಯಲ್ಲಿ ಮಾಗಿದಾಗ ಆ ಕೆಂಪು ಉಂಟಾಗುತ್ತದೆ. ಅದು ಅಂಗಿಯ ಮೇಲೆ ಬಿದ್ದರೆ ಅಗಸರ ಬಂಡೆಗೂ ಬಗ್ಗುವುದಿಲ್ಲ ಎಂಬುದು ಸರ್ವವಿದಿತ.

ಅಡಿಕೆಯ ಶಾಸ್ತ್ರೀಯ ನಾಮದಲ್ಲಿಯೇ ಈ ಬಣ್ಣದ ಸುಳಿವಿದೆ. 1753ರಲ್ಲಿ ಲಿನೇಯಸ್ ಇಟ್ಟ ಹೆಸರು ಅರೆಕ ಕಟೆಚು. ಅರೆಕ ಎಂಬುದು ನಮ್ಮ ಅಡಿಕೆ, ಮಲಯಾಳದ ಅಡಕ್ಕ, ಪೋರ್ಚುಗೀಸರ ನಾಲಗೆಯ ಮೇಲೆ ಉರುಳಿ ಪಡೆದ ರೂಪ. ಕಟೆಚು ಎಂಬುದು ಕಾಚು ಎಂಬ ಮಾತಿನ ಬಂಧು. ಕಾಚು ಹಿಂದಿನಿಂದಲೂ ಬಟ್ಟೆಗೆ ಹಾಕುವ ಕಂದು ಬಣ್ಣ. ಇನ್ನು ಸಂಸ್ಕೃತದಲ್ಲಿ ಕಷಾಯ ಎಂದರೆ ಷಡ್ರಸಗಳಲ್ಲಿ ಒಂದಾದ ಒಗರು. ಕಷಾಯ ಎಂದರೆ ಕುದಿಸಿ ಇಳಿಸಿದ ರಸ. ಕಷಾಯ ಎಂದರೆ ಕೆಂಗಂದು ಬಣ್ಣ. ಆ ಬಣ್ಣ ಹಾಕಿದ ವಸ್ತ್ರ ಕಾಷಾಯ. ಕಾವಿ ಎಂಬುದು ಕೆಮ್ಮಣ್ಣಿನ ಬಣ್ಣ, ಕಾಷಾಯ ಒಗರಿನ ಬಣ್ಣ. ಬಳಕೆಯಲ್ಲಿ ಎರಡೂ ಒಂದಾಗಿಬಿಟ್ಟಿವೆ. ರುಚಿ, ರಸ, ಬಣ್ಣ ಮೂರಕ್ಕೂ ಒಂದೇ ಪದವನ್ನು ಇಟ್ಟವರು, ತೊಗಟೆಯನ್ನೋ ಕಾಯಿಯನ್ನೋ ನಾಲಗೆಗೆ ತಾಗಿಸಿ ‘ಇದು ಒಗರು, ಇದು ಬಟ್ಟೆಗೆ ಹತ್ತುತ್ತದೆ’ ಎಂದು ತಿಳಿದವರೇ ಆಗಿದ್ದಿರಬೇಕು. ಕನ್ನಡದ ಚೊಗರು ಎಂಬ ಮಾತೂ ಹಾಗೆಯೇ. ಅದು ಒಗರಿನ ರುಚಿಯೂ ಹೌದು, ಅಡಿಕೆ ಬೇಯಿಸಿದ ಕೆಂಪು ರಸವೂ ಹೌದು.

ಈ ಚೊಗರು ಹೆಚ್ಚಾಗಿ ಮಲೆನಾಡಿನ ವಸ್ತು. ಸಾಗರ, ತೀರ್ಥಹಳ್ಳಿಯ ಕಡೆ ಕಾಯಿ ಹಸಿರಾಗಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸುತ್ತಾರೆ. ಒಂದೇ ನೀರಿನಲ್ಲಿ ಮತ್ತೆ ಮತ್ತೆ ಅಡಿಕೆ ಬೆಂದಾಗ ಆ ನೀರು ಗಟ್ಟಿಯಾಗಿ, ಕಡುಗೆಂಪಾಗಿ ಚೊಗರಾಗುತ್ತದೆ. ಬೇಯಿಸಿದ ಅಡಿಕೆಗೆ ಹೊಳಪು ಕೊಡಲು ಅದನ್ನೇ ಸವರುವುದುಂಟು. ಸಾಗರದ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರ ಮುಂದಾಳುತನದಲ್ಲಿ 1990ರ ದಶಕದಲ್ಲಿ ಆರಂಭವಾದ ಮಹಿಳೆಯರ ಸಹಕಾರಿ ಸಂಘ ‘ಚರಕ’ ಈ ಚೊಗರಿನಿಂದ ಕೈಮಗ್ಗದ ನೂಲಿಗೆ ಬಣ್ಣ ಹಾಕಿ ತೋರಿಸಿತು. ನಮ್ಮ ಜಿಲ್ಲೆಯಲ್ಲಿಯೂ, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ, ಕಾರ್ಕಳದ ಕದಿಕೆ ಟ್ರಸ್ಟಿನ ಪ್ರಯತ್ನದಿಂದ ಉಡುಪಿ ಸೀರೆಯ ನೂಲಿಗೆ ಸಸ್ಯದ ಬಣ್ಣಗಳು ಹತ್ತಿದವು. ಆದರೆ ಪುತ್ತೂರು ಸೀಮೆ ಚಾಲಿಯ ಸೀಮೆ. ಇಲ್ಲಿ ಹಣ್ಣಡಿಕೆಯನ್ನು ಕೊಯ್ದು ಅಂಗಳದಲ್ಲಿ ನಲವತ್ತು ದಿನಕ್ಕೂ ಮೇಲ್ಪಟ್ಟು ಬಿಸಿಲಿಗೆ ಹರವಿ ಒಣಗಿಸುತ್ತೇವೆ. ಬೇಯಿಸುವ ಪದ್ಧತಿ ಇಲ್ಲ, ಆದ್ದರಿಂದ ಚೊಗರೂ ಇಲ್ಲ. ಕಾಯಿ ಬಲಿತಂತೆ ಅದರ ಒಗರೂ ಇಳಿಯುತ್ತದೆ. ಬಣ್ಣಕ್ಕೆ ಎಳೆಯದೇ ಬೇಕು.

ಆ ಎಳೆಯ ಕಾಯಿ ನಮ್ಮಲ್ಲಿ ಸಿಗುವುದು ಒಂದು ಆಪತ್ತಿನ ಮೂಲಕ. ಆಷಾಢ ಶ್ರಾವಣಗಳ ಮಳೆಯಲ್ಲಿ ಕೊಳೆರೋಗ ಬಂದು ಹಸಿರು ಕಾಯಿಗಳು ಮರದ ಬುಡದಲ್ಲಿ ರಾಶಿಯಾಗಿ ಉದುರುತ್ತವೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಈ ಲೆಕ್ಕ ನಮ್ಮ ಮಕ್ಕಳಿಗೂ ಬಾಯಿಪಾಠ. ಸಿಂಪಡಿಸುವವರು ಸಿಗದೆ ಮಳೆಯೂ ಬಿಡದೆ ಹೋದ ವರ್ಷ ಬೆಳೆಯ ಒಂದು ಪಾಲು ನೆಲದ ಪಾಲೇ. ಹಾಗೆ ಬಿದ್ದದ್ದರಲ್ಲಿ ಕೊಳೆತು ಕರಗದೆ ಉಳಿದ ಕಾಯಿಯನ್ನು ಆಯ್ದು, ಸುಲಿದು, ಕತ್ತರಿಸಿ ಬೇಯಿಸಿದರೆ ಒಂದು ಮನೆಯ ಬಟ್ಟೆಗೆ ಸಾಲುವಷ್ಟು ಬಣ್ಣ ದೊರೆಯುತ್ತದೆ. ದ್ರಾವಣ ಹೊಡೆದ ಕಾಯಿಯಾದರೆ ಮೊದಲು ಚೆನ್ನಾಗಿ ತೊಳೆಯಬೇಕು.

ಕ್ರಮವನ್ನು ಹೇಳುತ್ತೇನೆ, ಆಸಕ್ತರು ಗುರುತು ಮಾಡಿಕೊಳ್ಳಬಹುದು. ಬಟ್ಟೆ ಹತ್ತಿಯದೋ ರೇಷ್ಮೆಯದೋ ಆಗಿರಬೇಕು. ಪಾಲಿಯೆಸ್ಟರ್ ನೀರನ್ನೇ ಒಳಗೆ ಬಿಟ್ಟುಕೊಳ್ಳದ ನೂಲು. ಅದಕ್ಕೆ ಬೇರೆಯೇ ಜಾತಿಯ ಬಣ್ಣವೂ ಕುದಿಯುವ ನೀರಿಗಿಂತ ಹೆಚ್ಚಿನ ಶಾಖವೂ ಬೇಕಾದ್ದರಿಂದ ಮನೆಯ ಒಲೆಗೆ ಅದು ದಕ್ಕುವುದಿಲ್ಲ. ಸಂಶಯವಿದ್ದರೆ ಅಂಚಿನ ಒಂದು ಎಳೆಯನ್ನು ಸುಟ್ಟು ನೋಡಿ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಸ ಬಟ್ಟೆಯಲ್ಲಿ ಗಂಜಿ, ಎಣ್ಣೆಯ ಅಂಶ ಇರುತ್ತದೆ. ಹತ್ತಿಯನ್ನು ವಾಷಿಂಗ್ ಸೋಡದ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ತೊಳೆಯದೆ ಇದ್ದರೆ ಬಣ್ಣ ತೇಪೆ ತೇಪೆಯಾಗಿ ಕೂರುತ್ತದೆ. ರೇಷ್ಮೆಗೆ ಸೋಡವೂ ಕುದಿತವೂ ಸಲ್ಲದು, ಮೆದುವಾದ ಸಾಬೂನು ಸಾಕು.

ಬಟ್ಟೆಯ ತೂಕದಷ್ಟೇ ಸುಲಿದ ಎಳೆಯಡಿಕೆಯನ್ನು ತೆಗೆದುಕೊಂಡು, ಬಟ್ಟೆ ಸಡಿಲವಾಗಿ ಮುಳುಗುವಷ್ಟು ನೀರಿನಲ್ಲಿ ಒಂದೆರಡು ಗಂಟೆ ಬೇಯಿಸಿ ಸೋಸಬೇಕು. ನೆನೆಸಿ ಹಿಂಡಿದ ಬಟ್ಟೆಯನ್ನು ಆ ಬಿಸಿ ರಸದಲ್ಲಿ ಇಳಿಸಿ, ಕುದಿ ಬಾರದ ಹಾಗೆ ಮಂದ ಉರಿಯಲ್ಲಿ ಒಂದು ಗಂಟೆ ಮಗುಚುತ್ತ ಇರಬೇಕು. ಆಮೇಲೆ ಒಲೆ ಆರಿಸಿ ರಾತ್ರಿಯೆಲ್ಲ ಹಾಗೆಯೇ ಬಿಡುವುದು ಉತ್ತಮ. ಮರುದಿನ ಹಿಂಡಿ, ಬಣ್ಣ ಕಚ್ಚಿಸುವ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ಜಾಲಾಡಿ, ನೆರಳಿನಲ್ಲಿ ಒಣಗಿಸಬೇಕು. ಪಾತ್ರೆ ಸ್ಟೀಲಿನದಾಗಿರಲಿ. ಅಜ್ಜಿಯ ಕಾಲದ ತಾಮ್ರದ ಹಂಡೆಯೂ ಕಬ್ಬಿಣದ ಬಾಣಲೆಯೂ ಸುಮ್ಮನೆ ಕೂರುವವಲ್ಲ, ಬಣ್ಣದಲ್ಲಿ ತಮ್ಮ ಮಾತನ್ನೂ ಸೇರಿಸುತ್ತವೆ.

ಬೇಕಾದ ಛಾಯೆ ಹುಟ್ಟುವುದು ಈ ಕಚ್ಚಿಸುವ ನೀರಿನಲ್ಲಿ. ಅರ್ಧ ಕಿಲೋ ತೂಗುವ ನೂಲಿನ ಸೀರೆಗೆ 75 ಗ್ರಾಂ ಪಟಿಕ ಹಾಕಿದರೆ ಈರುಳ್ಳಿ ಸಿಪ್ಪೆಗೂ ಇಟ್ಟಿಗೆಗೂ ನಡುವಿನ ತಿಳಿಗೆಂಪು ಬರುತ್ತದೆ. ಪಟಿಕದ ಬದಲು ಸುಣ್ಣದ ತಿಳಿನೀರಿನಲ್ಲಿ ಅದ್ದಿದರೆ ಕೆಂಪು ಏರುತ್ತದೆ, ತಾಂಬೂಲದ ನ್ಯಾಯವೇ ಇಲ್ಲಿಯೂ. ಗಂಧಿಗೆ ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು, ಎಂದರೆ ಕಬ್ಬಿಣದ ಲವಣವನ್ನು, 5ರಿಂದ 10 ಗ್ರಾಂ ಮಾತ್ರ ಕರಗಿಸಿದರೆ ಸಾಕು, ಕೆಂಪು ಅಡಗಿ ಬೂದುಗಂದು ಮೂಡುತ್ತದೆ. ಆಸೆಯಿಂದ ಹೆಚ್ಚು ಹಾಕಬಾರದು. ಕಬ್ಬಿಣ ಹೆಚ್ಚಾದರೆ ನೂಲು ವರ್ಷ ಕಳೆದಂತೆ ಬಲಗುಂದಿ ಹರಿಯುತ್ತದೆ. ಮೈಲುತುತ್ತ ನಮ್ಮ ಎಲ್ಲ ತೋಟದ ಮನೆಗಳಲ್ಲಿಯೂ ಇರುವುದರಿಂದ ಅದನ್ನೇ ಹಾಕಬಹುದಲ್ಲ ಎಂದು ತೋರುವುದು ಸಹಜ. ಅದರಿಂದ ದಟ್ಟವಾದ ಕಂದು ಬರುವುದೂ ನಿಜ. ಆದರೆ ಅದು ವಿಷ. ಆ ನೀರನ್ನು ತೋಡಿಗೋ ಬಾವಿಯ ಬಳಿಗೋ ಚೆಲ್ಲುವಂತಿಲ್ಲ. ಸಸ್ಯದ ಬಣ್ಣ ಎಂದ ಮಾತ್ರಕ್ಕೆ ಎಲ್ಲವೂ ನಿರಪಾಯ ಎಂದು ಸಾರುವವರ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಪಟಿಕ, ಸುಣ್ಣ, ಚೂರು ಅನ್ನಭೇದಿ, ಇಷ್ಟರಲ್ಲಿ ನಿಲ್ಲುವುದು ಲೇಸು. ಹಳದಿಯ ಕಡೆಗೆ ವಾಲಿದ ಬಣ್ಣ ಬೇಕಾದವರು ಬಡಗಿಯ ಬಳಿ ಬಿದ್ದಿರುವ ಹಲಸಿನ ತಿರುಳಿನ ಚಕ್ಕೆಗಳನ್ನು ಬೇಯಿಸಿ ಪಟಿಕದೊಡನೆ ಬಳಸಬಹುದು. ಬರ್ಮಾ, ಸಯಾಮ್ ದೇಶಗಳ ಬೌದ್ಧ ಭಿಕ್ಷುಗಳ ಚೀವರಕ್ಕೆ ಹಿಂದೆ ಹತ್ತುತ್ತಿದ್ದದ್ದು ಈ ಹಲಸಿನ ಹಳದಿಯೇ.

ಇನ್ನು ಫ್ಯಾಷನ್ನಿನ ಮಾತು. 1856ರಲ್ಲಿ ಲಂಡನ್ನಿನಲ್ಲಿ ಹದಿನೆಂಟು ವರ್ಷದ ಪರ್ಕಿನ್ ಎಂಬ ಹುಡುಗ ಕ್ವಿನೈನ್ ಮಾಡಲು ಹೊರಟು ಡಾಂಬರಿನ ಮೂಲದ ವಸ್ತುವಿನಿಂದ ನೇರಳೆ ಬಣ್ಣವನ್ನು ಪಡೆದ. ಎರಡು ವರ್ಷದಲ್ಲಿ ವಿಕ್ಟೋರಿಯಾ ರಾಣಿ ಮಗಳ ಮದುವೆಗೆ ಆ ಬಗೆಯ ನೇರಳೆಯನ್ನು ಉಟ್ಟು ಬಂದಳು. ನಗರಕ್ಕೆ ನಗರವೇ ನೇರಳೆಯಾಯಿತು. ಒಂದು ಬಣ್ಣ ಒಂದು ವರ್ಷದ ರೂಢಿಯಾಗಿ ಮರುವರ್ಷ ಹಳತಾಗುವ ಈ ಓಟ ಬಲವಾದದ್ದು ಅಲ್ಲಿಂದೀಚೆಗೆ. ಬೇಕಾದ ಬಣ್ಣವನ್ನು ಬೇಕಾದಷ್ಟು, ಪ್ರತಿ ಸಲವೂ ಒಂದೇ ತೆರನಾಗಿ ಕೊಡುವುದು ಕಾರ್ಖಾನೆಯ ಶಕ್ತಿ. ಮಂಗಳೂರಿಗೂ ಈ ಚರಿತ್ರೆಯಲ್ಲಿ ಒಂದು ಮೂಲೆ ಉಂಟು. ಬಾಸೆಲ್ ಮಿಶನ್ನಿನವರು ಬಲ್ಮಠದಲ್ಲಿ 1851ರಲ್ಲಿ ಆರಂಭಿಸಿದ ನೇಯ್ಗೆಯ ಕಾರ್ಖಾನೆಯ ಹಾಲರ್ ಸಾಹೇಬರೇ ಖಾಕಿಯನ್ನು ಕಂಡುಹಿಡಿದರೆಂದೂ ಅದಕ್ಕೆ ಗೇರು ಸಿಪ್ಪೆಯ ರಸ ಬಳಕೆಯಾಯಿತೆಂದೂ ನಮ್ಮ ಜಿಲ್ಲೆಯವರು ಅಭಿಮಾನದಿಂದ ಹೇಳುತ್ತಾರೆ. ವಾಯವ್ಯ ಗಡಿಯಲ್ಲಿ ಲಮ್ಸ್‌ಡನ್ನನ ಪಡೆ ಅದಕ್ಕೂ ಮೊದಲೇ, 1840ರ ದಶಕದಲ್ಲಿ, ಮಣ್ಣುಬಣ್ಣದ ಬಟ್ಟೆ ತೊಟ್ಟಿತ್ತು ಎಂಬುದನ್ನೂ ನೆನೆಯಬೇಕು. ಖಾಕಿ ಎಂದರೆ ಧೂಳಿನ ಬಣ್ಣ. ಅದು ಯಾರೊಬ್ಬರ ಸ್ವತ್ತಾಗುವುದು ಕಷ್ಟ.

ಕಾರ್ಖಾನೆಯ ಬಣ್ಣಗಳನ್ನೆಲ್ಲ ಹಳಿಯಬೇಕಾಗಿಲ್ಲ. ಕೆಲವು ಬಣ್ಣಗಳು ಮೈಗೆ ಕೇಡೆಂದು ಕಂಡು ಜರ್ಮನಿ 1994ರಲ್ಲಿಯೂ ಭಾರತ 1997ರಲ್ಲಿಯೂ ಅವನ್ನು ನಿಷೇಧಿಸಿದವು. ಆದರೆ 1956ರಲ್ಲಿ ಮಾರುಕಟ್ಟೆಗೆ ಬಂದ, ಹತ್ತಿಯೊಡನೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣಗಳು ಉಪ್ಪು ಮತ್ತು ವಾಷಿಂಗ್ ಸೋಡ ಇದ್ದರೆ ಉಗುರುಬೆಚ್ಚನೆಯ ನೀರಿನಲ್ಲಿಯೂ ಹತ್ತುತ್ತವೆ, ಒಗೆತಕ್ಕೂ ನಿಲ್ಲುತ್ತವೆ. ಗಿಳಿಹಸಿರೇ ಬೇಕು, ರಾಣಿ ಬಣ್ಣವೇ ಬೇಕು ಎನ್ನುವವರು ಅದನ್ನೇ ಕೊಳ್ಳಲಿ. ಚೊಗರು ಗಿಳಿಹಸಿರನ್ನು ಎಂದಿಗೂ ಕೊಡಲಾರದು. ಅದು ಕೊಡುವುದು ಮಣ್ಣು, ತೊಗಟೆ, ಮುರಕಲ್ಲುಗಳ ಸಂಸಾರದ ಬಣ್ಣ. ಅದೃಷ್ಟಕ್ಕೆ ಪೇಟೆಯವರ ಕಣ್ಣು ಈಚಿನ ವರ್ಷಗಳಲ್ಲಿ ಆ ಸಂಸಾರದ ಕಡೆಗೇ ಹೊರಳಿದೆ. ಒಂದು ಎಚ್ಚರಿಕೆ: ನಿನ್ನೆಯ ಬಣ್ಣ ಇಂದು ಮರಳಿ ಬಾರದು. ಕಾಯಿಯ ಎಳೆತನ, ನೀರಿನ ಗುಣ, ಒಲೆಯ ಉರಿ ಎಲ್ಲವೂ ಅದರಲ್ಲಿ ಪಾಲುಗಾರರು. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣವಿದ್ದರೆ ಪಟಿಕದ ತಿಳಿಗೆಂಪು ಹೇಳದೆ ಕೇಳದೆ ಕಂದಿಬಿಡುತ್ತದೆ. ತೆರೆದ ಬಾವಿಯ ನೀರೋ ಮಳೆಯ ನೀರೋ ಆದರೆ ಒಳ್ಳೆಯದು. ಆದ್ದರಿಂದ ಸೀರೆಗೂ ರವಕೆಗೂ ಒಂದೇ ಬಣ್ಣ ಬೇಕೆಂದಿದ್ದರೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಒಂದೇ ದಿನ ಅದ್ದಬೇಕು. ಅಂಗಡಿ ಅಂಗಡಿ ಅಲೆಯುವ ಕಷ್ಟ ಅಲ್ಲಿಗೆ ಮುಗಿಯಿತು.

ಇದು ಬಿಡುವಿನ ಹೊತ್ತಿನ ವಿನೋದಕ್ಕಷ್ಟೇ ಹೇಳಿದ ಮಾತಲ್ಲ. ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗಕ್ಕೆ ತೋಟಕ್ಕೆ ತೋಟವೇ ಸೋತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಈಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ಪಟ್ಟಿಯಲ್ಲಿ ಸೇರಿಸಿತು. ಅಡಿಕೆಯನ್ನೇ ನಂಬಿದ ಮೂರು ತಾಲೂಕುಗಳಲ್ಲಿ ಈ ಸುದ್ದಿಯನ್ನು ಜೋರಾಗಿ ಆಡುವವರು ಕಡಿಮೆ. ಅಗಿಯುವವರಿಗಾಗಿಯೇ ಬೆಳೆಯುವ ಬೆಳೆಗೆ ಅಗಿಯದ ಒಂದು ಉಪಯೋಗ ಇದ್ದರೆ ಅದನ್ನು ಅರಿತಿರುವುದು ಒಳ್ಳೆಯದಲ್ಲವೆ? ಬಟ್ಟೆಯ ಬಣ್ಣದಿಂದ ಜಿಲ್ಲೆಯ ಅಡಿಕೆಯೆಲ್ಲ ಮಾರಾಟವಾಗುತ್ತದೆಂದು ನಾನು ಹೇಳಲಾರೆ. ಅಷ್ಟು ಚೊಗರನ್ನು ಕುಡಿಯುವ ಬಟ್ಟೆ ಲೋಕದಲ್ಲಿ ಇಲ್ಲ. ಆದರೆ ಕೊಳೆಯಿಂದ ಉದುರಿದ ಕಾಯಿಗೆ ಒಂದು ಬೆಲೆ, ಹತ್ತಾರು ಹೆಂಗಸರಿಗೆ ಒಂದು ಕೆಲಸ, ಇಷ್ಟು ಆಗಬಹುದು. ಮಲೆನಾಡಿನ ಒಂದು ಹಳ್ಳಿಯಲ್ಲಿ ಆಗಿದೆ.

ಕೊನೆಗೆ ಒಂದೆರಡು ಸಣ್ಣ ಸಂಗತಿಗಳು. ಚೊಗರಿನ ಬಟ್ಟೆಯನ್ನು ಮೊದಲ ಕೆಲವು ಸಲ ಬೇರೆಯಾಗಿ, ಸೀಗೆಯ ಅಥವಾ ಅಂಟುವಾಳದ ನೀರಿನಲ್ಲಿ ಒಗೆಯಿರಿ. ಬಟ್ಟೆಯ ಮೇಲೆ ನಿಂಬೆಯ ರಸ ಬಿದ್ದರೆ ಆ ಜಾಗ ತಿಳಿಯಾಗುತ್ತದೆ, ಕ್ಷಾರದ ಸಾಬೂನು ಹೆಚ್ಚಾದರೆ ಕೆಂಪೇರುತ್ತದೆ. ಮಿಕ್ಕ ರಸವನ್ನು ಚೆಲ್ಲಬೇಡಿ, ಮಂದ ಉರಿಯಲ್ಲಿ ಬತ್ತಿಸಿ ತಟ್ಟೆಯಲ್ಲಿ ಹೊಯ್ದು ಒಣಗಿಸಿದರೆ ಅದು ಹಪ್ಪಳದಂತೆ ಏಳುತ್ತದೆ. ತೇವ ತಾಗದ ಡಬ್ಬಿಯಲ್ಲಿಟ್ಟು ಮಳೆ ಹೋದ ಮೇಲೆ ಬಿಸಿನೀರಿನಲ್ಲಿ ಕರಗಿಸಿ ಬಳಸಬಹುದು. ಹೊಲಿದ ಅಂಗಿಗೋ ರವಕೆಗೋ ಬಣ್ಣ ಹಾಕುವವರು ಒಂದನ್ನು ನೆನಪಿಡಬೇಕು. ಬಟ್ಟೆ ಹತ್ತಿಯದಾದರೂ ದರ್ಜಿ ಹೊಲಿದ ದಾರ ಈಗ ಸಾಮಾನ್ಯವಾಗಿ ಪಾಲಿಯೆಸ್ಟರಿನದು. ಅಂಗಿಯೆಲ್ಲ ಕೆಂಗಂದಾಗಿ ಹೊರಬಂದಾಗಲೂ ಕೊರಳು, ತೋಳು, ಕಿಸೆಗಳ ಸುತ್ತ ಹೊಲಿಗೆ ಮಾತ್ರ ಬೆಳ್ಳಗೆ ಎಣಿಸುವಂತೆ ಉಳಿದಿರುತ್ತದೆ. ಅದು ಬೇಡವೆಂದರೆ ಬಣ್ಣ ಹಾಕಿದ ಮೇಲೆ ಹೊಲಿಸಬೇಕು, ಇಲ್ಲವೆ ಹತ್ತಿಯ ದಾರದಲ್ಲಿ ಹೊಲಿಯಲು ದರ್ಜಿಗೆ ಮೊದಲೇ ಹೇಳಿಡಬೇಕು.